ನಂಜಣ್ಣನ ಕೈ ನಡುಗುತ್ತಿರಲಿಲ್ಲ

ಕ್ಷೌರದ ನಂಜಣ್ಣನ ಕೈ ನಡುಗುತ್ತದೆ ಎಂದು ಅವನ ಊರಿನ ಯಜಮಾನರ ಮುಂದೆ ನಿಂತು ಹೇಳಿದವನು ನಾನು. ಅದು ಸುಳ್ಳು. ತಿಳಿಯದೆ ಆಡಿದ ಮಾತೂ ಅಲ್ಲ — ಹೇಳುವ ಹೊತ್ತಿಗೆ ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಲುಗಾಡುತ್ತಿದ್ದದ್ದು ಅವನ ಕೈಯಲ್ಲ, ಅವನ ಕತ್ತಿ. ಆ ಕತ್ತಿಯನ್ನು ಸರಿಮಾಡಬೇಕಾಗಿದ್ದವನು ನಾನು. ಸರಿಮಾಡಿದ್ದೇನೆ ಎಂದು ಹೇಳಿ ಮುಟ್ಟದೆ ವಾಪಸು ಕೊಟ್ಟವನೂ ನಾನೇ. ಬರೆದು ನೋಡಿದರೆ ಇದು ನಾಲ್ಕು ಸಾಲಿನ ವಿಷಯ. ಇಷ್ಟಕ್ಕೆ ಇಷ್ಟು ವರ್ಷ ಯಾಕೆ ಬೇಕಾಯಿತೋ — ನನ್ನ ಮೇಲೆ ನನಗೇ ರೇಗುತ್ತದೆ.

ನನ್ನ ಹೆಸರು ಅನ್ವರ್. ಕೆ.ಆರ್. ಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬೀಗ, ಕೊಡೆ, ಟಾರ್ಚು, ಕತ್ತರಿ ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಕೆಲಸ ಕಲಿತದ್ದು ಶ್ರೀರಂಗಪಟ್ಟಣದಲ್ಲಿ, ನನ್ನ ಮಾಮುವಿನ ಹತ್ತಿರ — ಅಂದರೆ ತಾಯಿಯ ಅಣ್ಣ. ಈ ಸಂಗತಿ ನಡೆದಾಗ ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಈಗ ಎಲ್ಲಿ ನೋಡಿದರೂ ಅರ್ಧ ಬ್ಲೇಡು ಸಿಕ್ಕಿಸಿ, ಕೆಲಸವಾದಮೇಲೆ ಬ್ಲೇಡು ಬಿಸಾಡುವ ಕತ್ತಿಗಳೇ. ಆಗ ಇನ್ನೂ ಮಸೆದು ಮಡಿಚಿಡುವ ಹಳೆಯ ಕತ್ತಿಗಳು ಓಡಾಡುತ್ತಿದ್ದವು. ಸುತ್ತಲಿನ ಹಳ್ಳಿಗಳ ಕ್ಷೌರಿಕರು ಅವನ್ನು ನನ್ನ ಹತ್ತಿರ ತರುತ್ತಿದ್ದರು.

ಆ ಕತ್ತಿಯ ಕಟ್ಟು ಬಹಳ ಸರಳ. ಕೊಂಬಿನ ಎರಡು ಪಟ್ಟಿ ಸೇರಿ ಒಂದು ಹಿಡಿ. ನಡುವೆ ಅಲಗು. ಹಿಡಿಯ ತುದಿಯಲ್ಲಿ ಎರಡೂ ಪಟ್ಟಿಗೆ ತೂತು, ಆ ತೂತುಗಳಲ್ಲಿ ಅಲಗನ್ನು ದಾಟಿ ಹೋಗುವ ಒಂದು ಹಿತ್ತಾಳೆ ಮೊಳೆ. ತೆರೆದು ಮುಚ್ಚಿ, ತೆರೆದು ಮುಚ್ಚಿ, ವರ್ಷಗಟ್ಟಲೆ ಆದಮೇಲೆ ಮೊಳೆ ಕೊಂಬನ್ನು ತಿನ್ನುತ್ತದೆ. ದುಂಡಗಿದ್ದ ತೂತು ಗೋಧಿ ಕಾಳಿನಂತೆ ಉದ್ದಕ್ಕಾಗುತ್ತದೆ. ಆಮೇಲೆ ಅಲಗು ಹಿಡಿಯಲ್ಲಿ ಓಲಾಡುತ್ತದೆ. ಇದಕ್ಕೆ ಸರಿಯಾದ ಕೆಲಸ ಒಂದೇ — ಮೊಳೆಯ ತಲೆ ಅರದಿಂದ ಉಜ್ಜಿ, ಮೊಳೆ ಹೊರಗೆ ತಳ್ಳಿ, ಸವೆದ ತೂತಿಗೆ ಸಣ್ಣ ಹಿತ್ತಾಳೆ ಕೊಳವೆ ಕೂರಿಸಿ, ಹೊಸ ಮೊಳೆ ಹಾಕುವುದು. ಅರ್ಧ ದಿನ ಹಿಡಿಯುತ್ತದೆ, ಕೊಂಬು ಸೀಳುವ ಭಯ ಬೇರೆ. ಕಳ್ಳ ಕೆಲಸವೂ ಒಂದಿದೆ: ಮೊಳೆಯ ತಲೆಗೆ ಸುತ್ತಿಗೆಯಲ್ಲಿ ಮೆಲ್ಲಗೆ ಎರಡು ಬಡಿದರೆ ಬಿಗಿಯಾಗುತ್ತದೆ, ಒಂದೆರಡು ವಾರ ಸುಮ್ಮನಿರುತ್ತದೆ. ತೂತು ತೆರೆದು ನೋಡದೆ ಮೊಳೆ ಬಡಿಯಬೇಡ ಎಂದು ಮಾಮು ಕಿವಿ ಹಿಂಡಿ ಕಲಿಸಿದ್ದರು. ಕಲಿಸಿದ್ದರು, ಅಷ್ಟೇ.

ನಂಜಣ್ಣನದು ಕಿಕ್ಕೇರಿ ಕಡೆ ಒಂದು ಹಳ್ಳಿ. ನನಗಿಂತ ಹದಿನೈದು ಇಪ್ಪತ್ತು ವರ್ಷ ದೊಡ್ಡವನು, ಸಣಕಲು ಆಳು, ಮಾತು ಕಮ್ಮಿ. ಅವನ ಮನೆಯವರು ಆ ಊರಿಗೆ ತಲೆತಲಾಂತರದಿಂದ ಕ್ಷೌರದವರು. ಮದುವೆಯ ಹಿಂದಿನ ದಿನ ಚಪ್ಪರದಡಿ ಗಂಡನ್ನು ಕೂರಿಸಿ ಮುಖಕ್ಷೌರ ಮಾಡಿ ಉಗುರು ತೆಗೆಯುವ ಶಾಸ್ತ್ರ ಅವನ ಮನೆಯದೇ. ಬೇರೆಯವರು ಅಲ್ಲಿಗೆ ಕತ್ತಿ ತರುವಂತಿಲ್ಲ. ಊರಿನ ಯಾವ ಗಂಡಸಿನ ಮೊದಲ ಮೀಸೆಯನ್ನು ಕೇಳಿದರೂ ನಂಜಣ್ಣನ ಅಪ್ಪ ಇಲ್ಲವೇ ನಂಜಣ್ಣ ತಿದ್ದಿದ್ದೇ. ಆ ಚಪ್ಪರದಡಿ ಕೂರುವ ಹಕ್ಕೊಂದು ಬಿಟ್ಟರೆ ಅವನಿಗೆ ಊರಲ್ಲಿ ದೊಡ್ಡಸ್ತಿಕೆ ಅಂತ ಬೇರೇನೂ ಇರಲಿಲ್ಲ.

ಅವನು ಮೊದಲ ಸಲ ಬಂದಾಗ ಕತ್ತಿಯನ್ನು ಬಲಗೈಯಲ್ಲಿ ನೀಡಿ, "ವಸಿ ಆಡ್ತದೆ ಅನ್ವರಾ, ನೋಡು" ಅಂದ. ನಾನು ತೆರೆದೆ, ಮುಚ್ಚಿದೆ, ಕೆಲಸ ಮಾಡುವಂತೆ ಹಿಡಿದು ನೋಡಿದೆ. ಏನೂ ಆಡಲಿಲ್ಲ. ಆದರೂ ಗಿರಾಕಿ ಬಂದಿದ್ದಾನಲ್ಲ — ಮೊಳೆಗೆ ಎರಡು ಬಡಿದೆ, ಒಂದು ತೊಟ್ಟು ಎಣ್ಣೆ ಬಿಟ್ಟೆ. ಅವನು ಬಲಗೈಯಲ್ಲಿ ತೆಗೆದುಕೊಂಡು, ಅಲ್ಲೇ ಒಂದು ಸಲ ತೆರೆದು ಮುಚ್ಚಿ, "ಸರಿಯಾಯ್ತು ಕಣ್ಲಾ" ಎಂದು ಹೋದ.

ಹದಿನೈದು ದಿನಕ್ಕೆ ಮತ್ತೆ ಹಾಜರು. "ಆಡ್ತದೆ ಕಣ್ಲಾ." ಮತ್ತೆ ನೋಡಿದೆ. ಆಡುವುದಿಲ್ಲ! ಮತ್ತೆ ಬಡಿದೆ. ಮತ್ತೆ ತೆರೆದು ಮುಚ್ಚಿ, ಮತ್ತೆ "ಸರಿಯಾಯ್ತು". ಅವನು ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ, ಆಗ ಏನಾದರೂ ಹೊರಗೆ ಬರುತ್ತಿತ್ತೋ ಏನೋ. ಅವನು ಜಗಳವನ್ನೇ ಆಡುತ್ತಿರಲಿಲ್ಲ. ಅಂಗಡಿಯಲ್ಲಿ ಸರಿ ಅನ್ನುವುದು, ಊರಿಗೆ ಹೋಗಿ ಇಲ್ಲ ಅನ್ನುವುದು. ತಲೆ ಕೆಟ್ಟುಹೋಯಿತು ನನಗೆ. ಮೂರನೇ ಸಲ ಅವನು ಬಸ್ಸಿಳಿದು ಬರುತ್ತಿರುವುದು ದೂರದಿಂದ ಕಂಡಾಗಲೇ ಮೈಯೆಲ್ಲ ಉರಿಯಿತು. ಸಂಜೆ ಬಾ ಅಂದೆ. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ್ದ ಹಾಗೇ ಡ್ರಾಯರಿನಲ್ಲಿ ಎಸೆದೆ. ಸಂಜೆ ಅದನ್ನೇ ತೆಗೆದುಕೊಟ್ಟೆ. ಬಟ್ಟೆ ಕೂಡ ಬಿಚ್ಚಿರಲಿಲ್ಲ. ಕೂಲಿ ಬೇಡ, ಮೂರು ಸಲ ಓಡಾಡಿದ್ದೀಯ ಅಂದೆ — ಅದೊಂದು ನಾಟಕ.

ಅವನು ತೆರೆದ. ಮುಚ್ಚಿದ. "ಈಗ್ ಸರಿಯಾಯ್ತು ನೋಡು" ಅಂದ.

ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಅವನ ಬಸ್ಸು ಹೊರಡುವುದಕ್ಕೆ ಮುಂಚೆಯೇ ಟೀ ಅಂಗಡಿಯಲ್ಲಿ ನಿಂತು ಹೇಳಿದೆ: "ಬಟ್ಟೆ ಕೂಡ ಬಿಚ್ಚಿಲ್ಲ ಕಣ್ರಪ್ಪ! ಈಗ್ ಸರಿಯಾಯ್ತು ಅಂದ್ಕೊಂಡು ಹೋದ!" ಅವನು ಕತ್ತಿ ತೆರೆಯುವ ಹಾಗೆ, ಗಂಭೀರವಾಗಿ ತಲೆಯಾಡಿಸುವ ಹಾಗೆ ಮಾಡಿ ತೋರಿಸಿದೆ. ಅಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಅವರಲ್ಲೊಬ್ಬ ಪಾಂಡವಪುರದ ಬಸ್ಸಿನ ಕಂಡಕ್ಟರು. ಅವನ ಬಾಯಿಗೆ ಬಿದ್ದಮೇಲೆ ಕೇಳಬೇಕೇ? ಕಿಕ್ಕೇರಿಯಲ್ಲೂ ಅದೇ ಮಾತು, ಪಾಂಡವಪುರದಲ್ಲೂ ಅದೇ. ಶ್ರೀರಂಗಪಟ್ಟಣದಲ್ಲಿ ಮಾಮುವಿನ ಕಿವಿಗೂ ಬಿತ್ತಂತೆ. ಮಾಮು ಮಾತ್ರ ನಗಲಿಲ್ಲ. ಹಬ್ಬಕ್ಕೆ ಹೋದಾಗ, "ತೂತು ತೆರೆದು ನೋಡಿದ್ಯಾ?" ಎಂದಷ್ಟೇ ಕೇಳಿದರು. ನಾನು ಬೇರೆ ಮಾತು ತೆಗೆದೆ.

ಆಮೇಲೆ ನಂಜಣ್ಣನ ಊರಲ್ಲಿ ಒಂದು ಮದುವೆ ಬಂತು. ಯಜಮಾನರ ಮನೆಯದೇ, ಅವರ ತಮ್ಮನ ಮಗನದು. ಚಪ್ಪರದಡಿ ಹಸೆಯ ಮೇಲೆ ಗಂಡು ಕೂತಿದ್ದಾನೆ, ಹೆಂಗಸರು ಸುತ್ತ ನಿಂತಿದ್ದಾರೆ, ನಂಜಣ್ಣ ಕಿವಿಯ ಕೆಳಗೆ ಕತ್ತಿ ಆಡಿಸುತ್ತಿದ್ದಾನೆ — ಕತ್ತಿ ಜಾರಿತು. ದೊಡ್ಡ ಗಾಯವೇನಲ್ಲ. ಆದರೆ ಮದುವೆ ಗಂಡಿನ ಬಿಳೀ ಪಂಚೆಯ ಮೇಲೆ ರಕ್ತ ಬಿತ್ತು. ಅಜ್ಜಿಯೊಬ್ಬರು ಅಳಲು ಶುರುಮಾಡಿದರಂತೆ. ಅಷ್ಟರಲ್ಲಿ ಯಾರೋ ನನ್ನ ಕಥೆ ತೆಗೆದಿದ್ದಾರೆ: ರಿಪೇರಿ ಆದ ಕತ್ತಿ ಯಾವುದು, ಆಗದ ಕತ್ತಿ ಯಾವುದು ಅಂತಲೇ ಇವನಿಗೆ ಗೊತ್ತಾಗಲ್ವಂತೆ, ಇವನ ಕೈ ಹೋಗ್ಬುಟ್ಟಿದೆ. ಅಂದೇ ಬೇರೆ ಊರಿಂದ ಇನ್ನೊಬ್ಬನನ್ನು ಕರೆಸಿ ಶಾಸ್ತ್ರ ಮುಗಿಸಿದರು. ಇನ್ನು ಮುಂದೆ ನಂಜಣ್ಣ ಬೇಡ ಎಂಬ ಮಾತೂ ಎದ್ದಿತು.

ಮದುವೆ ಮುಗಿದ ವಾರಕ್ಕೆ ಅವನು ನನ್ನ ಅಂಗಡಿಗೆ ಬಂದ. ಕೂತ. ಆಮೇಲೆ ಹೇಳಿದ: "ಯಜಮಾನ್ರು ಒಂದ್ಸಲ ಕೇಳ್ತೀನಿ ಅಂದವ್ರೆ. ನೀನು ಬಂದು ಯೋಳ್ಬುಡು ಅನ್ವರಾ. ಕತ್ತಿ ಆಡ್ತಿತ್ತು, ಮೂರ್ ಕಿತ ತಂದಿದ್ದ ಅಂತ. ನಿನ್ ಮಾತು ನಂಬ್ತಾರೆ."

ನನ್ನ ಮಾತನ್ನು ನಂಬುತ್ತಾರಂತೆ! ಟೀ ಅಂಗಡಿಯ ಕಥೆ ಅವನ ಕಿವಿಗೂ ಬಿದ್ದಿರಲೇಬೇಕು. ಆದರೂ ನನ್ನ ಹತ್ತಿರವೇ ಬಂದಿದ್ದ. ಸಿಟ್ಟು, ನಾಚಿಕೆ ಎರಡೂ ಒಟ್ಟಿಗೆ ಬಂದವು. "ಎಲ್ಲಿ, ನೀನು ಎಂಗ್ ಹಿಡೀತೀಯ ತೋರ್ಸು" ಅಂದೆ.

ಅವನು ಚೀಲದಿಂದ ಕತ್ತಿ ತೆಗೆದು ತೆರೆದ. ಎಡಗೈಯಲ್ಲಿ.

"ನಂಜಣ್ಣ — ನೀನು ಎಡಚನಾ?"

"ಅದೇನ್ ವಸದೇನ್ಲಾ? ಊರ್ಗೇ ಗೊತ್ತು."

"ಮತ್ತೆ ಇಲ್ಲಿಗೆ ಬಂದಾಗೆಲ್ಲ ಬಲಗೈಲಿ —"

"ಇನ್ನೊಬ್ರ ಮುಂದ್ಕೆ ಎಡಗೈಲಿ ಕತ್ತಿ ನೀಡಾಕಾಯ್ತದೇನ್ಲಾ? ಈಸ್ಕಳದು ತಾನೇ ಎಂಗೆ? ಮರ್ವಾದೆ ಬ್ಯಾಡ್ವಾ?"

ನಾನು ಕತ್ತಿಯನ್ನು ನನ್ನ ಎಡಗೈಗೆ ತೆಗೆದುಕೊಂಡೆ. ಅಲಗು ಓಲಾಡಿತು, ಬೀಳುವ ಮೊದಲಿನ ಹಲ್ಲಿನ ಹಾಗೆ. ಬಲಗೈಗೆ ಬದಲಾಯಿಸಿದೆ — ಗಟ್ಟಿ. ಮತ್ತೆ ಎಡಗೈ — ಓಲಾಟ. ಎರಡು ಪಟ್ಟಿಗಳಲ್ಲಿ ಒಂದರ ತೂತು ಮಾತ್ರ ಸವೆದಿತ್ತು. ಬಲಗೈಯ ಬೆರಳು ಒತ್ತುವ ಕಡೆ ಮೊಳೆ ಭದ್ರವಾಗಿತ್ತು. ಎಡಗೈ ಒತ್ತಿದರೆ ಉದ್ದಕ್ಕಾದ ತೂತಿನೊಳಗೆ ಸರಿಯುತ್ತಿತ್ತು. ಅವನು ಮರ್ಯಾದೆಗಾಗಿ ಬಲಗೈಯಲ್ಲಿ ಕೊಟ್ಟು, ಬಲಗೈಯಲ್ಲಿ ಪಡೆದು, ಅದೇ ಕೈಯಲ್ಲಿ ತೆರೆದು ನೋಡಿ ಸರಿ ಅನ್ನುತ್ತಿದ್ದ. ಊರಿಗೆ ಹೋಗಿ ಕೆಲಸಕ್ಕೆ ಕೂತಾಗ ಆಡುತ್ತಿತ್ತು. ಅವನು ಹೇಳಿದ ಎರಡೂ ಮಾತು ನಿಜ. ತೂತು ತೆರೆದು ನೋಡಿದ್ದರೆ ಮೊದಲ ದಿನವೇ ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ನಾನು ನೋಡಿರಲಿಲ್ಲ.

ಆ ಕ್ಷಣದಲ್ಲಿ ಹೇಳಬಹುದಿತ್ತು. ನಂಜಣ್ಣ, ನೋಡು, ಇಲ್ಲಿದೆ ದೋಷ, ನನ್ನದು ತಪ್ಪು ಅಂತ. ಯಾಕೆ ಹೇಳಲಿಲ್ಲ? ನಾಲಗೆಯ ತುದಿಗೆ ಬಂದಿತ್ತು ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ನಾನು ಕತ್ತಿ ಮಡಿಚಿ ಅವನ ಕೈಗೆ ಕೊಟ್ಟು, "ನಡಿ, ಬಸ್ಸಿಗೆ ಹೊತ್ತಾಯ್ತು" ಅಂದೆ.

ಯಜಮಾನರ ಜಗುಲಿಯ ಮೇಲೆ ಐದಾರು ಜನ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಎಲ್ಲರ ಮುಖದಲ್ಲೂ ನಗು. ಕಥೆ ಹೇಳಿದವನು ಇವನೇ ಎಂದು ಅವರಿಗೆ ಗೊತ್ತಿತ್ತು. ಮಜ್ಜಿಗೆ ಕೊಟ್ಟರು, ಚಾಪೆ ಹಾಸಿದರು. ನಂಜಣ್ಣ ಕೆಳಗೆ ಕಂಬದ ಪಕ್ಕ ನಿಂತಿದ್ದ. ಯಜಮಾನರು ಒಳ್ಳೆಯವರೇ. ಸಮಾಧಾನವಾಗಿಯೇ ಕೇಳಿದರು: "ಸಾಬ್ರೇ, ನಿಜ ಯೋಳಿ. ಕತ್ತೀಲಿ ಏನಾರ ಐಬು ಇತ್ತಾ?"

ಇತ್ತು ಅಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಮೂರು ಸಲ ತಂದರೂ ನಿಮಗೆ ಕಾಣಲಿಲ್ಲವೇ? ಆಮೇಲೆ ಪಾಂಡವಪುರದ ಬಸ್ಸಿನಲ್ಲಿ ಹೋಗುವ ಕಥೆ ನನ್ನದಾಗುತ್ತಿತ್ತು. ಕ್ಷೌರದವನ ಹಿಡಿತಕ್ಕೆ ಸಿಕ್ಕಿದ್ದು ರಿಪೇರಿಯವನ ಕಣ್ಣಿಗೆ ಬೀಳಲಿಲ್ಲ ಅಂತ. ಅಷ್ಟೇ. ಅದಕ್ಕಿಂತ ದೊಡ್ಡ ಕಷ್ಟವೇನೂ ನನಗೆ ಬರುತ್ತಿರಲಿಲ್ಲ. ಹೊಟ್ಟೆಪಾಡು ಹೋಗುತ್ತಿರಲಿಲ್ಲ, ಯಾರೂ ಹೊಡೆಯುತ್ತಿರಲಿಲ್ಲ. ನಾಲ್ಕು ದಿನ ನಗುತ್ತಿದ್ದರು, ನಾನು ಬೇರೆಯವರನ್ನು ನೋಡಿ ನಕ್ಕ ಹಾಗೆ.

"ಕತ್ತೀಲಿ ಏನೂ ಇಲ್ಲ ಯಜಮಾನ್ರೆ," ಅಂದೆ. "ನಂಜಣ್ಣನ ಕೈ ವಸಿ ನಡುಗ್ತದೆ."

ಯಾರೂ ಕೂಗಾಡಲಿಲ್ಲ. ಯಜಮಾನರು ನಿಟ್ಟುಸಿರು ಬಿಟ್ಟು, "ವಯಸ್ಸಾಯ್ತಲ್ಲ, ಯಾರ್ಗಾದ್ರೂ ಬತ್ತದೆ ಬುಡಪ್ಪ" ಎಂದು ಅವನ ಕಡೆ ನೋಡಿ ಹೇಳಿದರು. ಅವನು ವಾದ ಮಾಡುತ್ತಾನೆ, ಕತ್ತಿ ತೆಗೆದು ಎಡಗೈಯಲ್ಲಿ ಹಿಡಿದು ತೋರಿಸುತ್ತಾನೆ, ನನ್ನ ಬಣ್ಣ ಅಲ್ಲೇ ಬಯಲಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಅವನು ತನ್ನ ಎಡಗೈಯನ್ನು ಮುಂದೆ ಚಾಚಿ, ಬೇರೆ ಯಾರದೋ ಕೈ ನೋಡುವಂತೆ ನೋಡುತ್ತಾ ನಿಂತ. ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ನಾನು ನೋಡಿದೆ. ಬೇರೆ ಯಾರೂ ನೋಡುತ್ತಿರಲಿಲ್ಲ.

ಬಸ್ಸಿಗೆ ಕಾಯುವಾಗ ಅವನೇ ಮಾತು ತೆಗೆದ. ಬಯ್ಯುತ್ತಾನೆ ಅಂದುಕೊಂಡೆ. ಬಯ್ದಿದ್ದರೆ ಎಷ್ಟು ಚೆನ್ನಾಗಿತ್ತು! "ಈಗ ಗೊತ್ತಾಯ್ತು ಕಣ್ಲಾ," ಅಂದ. "ಕತ್ತಿ ಸರಿ ಅದೆ, ಕೈದೇ ತಪ್ಪು ಅಂತ ನಿಂಗೆ ಮೊದ್ಲೇ ಗೊತ್ತಾಗಿತ್ತು. ನೊಂದ್ಕಂತಾನೆ ಅಂತ ಬಾಯ್ಬುಡ್ನಿಲ್ಲ. ಅದ್ಕೇ ಮುಟ್ದೆ ಕೊಟ್ಟೆ, ಕೂಲೀನೂ ಬ್ಯಾಡ ಅಂದೆ." ನನ್ನ ಪ್ರತಿಯೊಂದು ನೀಚತನಕ್ಕೂ ಅವನು ಒಂದೊಂದು ಒಳ್ಳೆಯ ಕಾರಣ ಹುಡುಕಿಟ್ಟಿದ್ದ. ಕತ್ತಿಯನ್ನು ನನ್ನ ಕೈಗಿಟ್ಟ — ಬಲಗೈಯಲ್ಲೇ. "ನೀನೇ ಮಡೀಕೊ. ನಂಗಿನ್ಯಾಕೆ? ನಾಳೆ ಯಾರ್ದಾರ ಕತ್ತು ಕುಯ್ದಿದ್ರೆ ಏನ್ ಗತಿ! ನೀನು ಉಳಿಸ್ದೆ."

ಆ ವಾರವೇ ಮೊಳೆ ಕಿತ್ತೆ. ಒಂದು ಪಟ್ಟಿಯ ತೂತು ದುಂಡಗಿತ್ತು, ಇನ್ನೊಂದರದು ಉದ್ದಕ್ಕೆ ಸವೆದಿತ್ತು. ಕೊಳವೆ ಕೂರಿಸಿದೆ, ಹೊಸ ಮೊಳೆ ಹಾಕಿದೆ, ಎಡಗೈಯಲ್ಲಿ ಹಿಡಿದು ಹಿಡಿದು ನೋಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದು ಮಾಡಿಲ್ಲ. ಯಾರಿಗೆ ಬೇಕಾಗಿತ್ತು ಆಗ ಅದು?

ನಂಜಣ್ಣ ಕೆಲಸ ಬಿಟ್ಟ. ನಾಗಮಂಗಲದ ಕಡೆ ಬಿಂಡಿಗನವಿಲೆಯಲ್ಲಿ ಅವನ ಮಗಳನ್ನು ಕೊಟ್ಟಿದ್ದಾರೆ. ಅಲ್ಲಿಗೆ ಹೋಗಿ ಅಳಿಯನ ಕುರಿ ನೋಡಿಕೊಂಡಿದ್ದಾನೆ. ಅಲ್ಲಿಂದ ಸುಗ್ಗಿಯಲ್ಲಿ ಹುರುಳಿ, ಅವರೆ, ಯಾರ ಕೈಯಲ್ಲಾದರೂ ಬಸ್ಸಿಗೆ ಹಾಕಿ ನನಗೆ ಕಳಿಸುತ್ತಾನೆ. ಆ ಚೀಲ ಬಂದಾಗಲೆಲ್ಲ ನನಗೆ ಅವನ ಮೇಲೆ ಕೋಪ ಬರುತ್ತದೆ. ಇಂಥ ಮನುಷ್ಯ ಯಾಕಿರಬೇಕು? ಮೋಸ ಮಾಡಿದವನನ್ನು ಗುರುತು ಹಿಡಿಯುವಷ್ಟಾದರೂ — ಇಲ್ಲ, ಇದೂ ತಪ್ಪಿಸಿಕೊಳ್ಳುವ ಮಾತೇ. ಗುರುತು ಹಿಡಿಯುವುದು ಅವನ ಕೆಲಸವಲ್ಲ. ಹೇಳುವುದು ನನ್ನ ಕೆಲಸ. ಕತ್ತಿ ಜೇಬಿನಲ್ಲಿಟ್ಟುಕೊಂಡು ಎಷ್ಟೋ ಸಲ ನಾಗಮಂಗಲದವರೆಗೆ ಹೋಗಿ ಟೀ ಕುಡಿದು ವಾಪಸು ಬಂದಿದ್ದೇನೆ. ಎರಡು ಸಲ ಅವನ ಮನೆಯಂಗಳದವರೆಗೂ ಹೋಗಿ ಕುರಿಯ ವಿಷಯ ಮಾತಾಡಿ ಬಂದೆ. ಅಕ್ಕಪಕ್ಕದವರಿಗೆ ಅವನು ನನ್ನನ್ನು ಪರಿಚಯ ಮಾಡಿಸುತ್ತಿದ್ದದ್ದು ಹೀಗೆ: "ಮೊಕ ನೋಡಿ ನಿಜ ಯೋಳೋ ಗಂಡ್ಸು ಅಂದ್ರೆ ಇವ್ನು."

ಹೋದ ತಿಂಗಳು ಮತ್ತೆ ಹೋದೆ. ಮುಖದ ತುಂಬ ಬಿಳೀ ಗಡ್ಡ. ಮೂರು ತಲೆಮಾರಿನ ಮುಖ ಕೆರೆದವನು ತನ್ನ ಕೆನ್ನೆಗೆ ಕತ್ತಿ ಹಚ್ಚಿ ವರ್ಷಗಳಾಗಿವೆ. ಇನ್ನೊಬ್ಬರ ಹತ್ತಿರ ಕೂರುವುದಕ್ಕೂ ಮನಸ್ಸಿಲ್ಲ. ಮಗಳು ಟೀ ತಂದಿಟ್ಟಳು. ಅವನು ಎಡಗೈಯನ್ನು ಟವಲಿನೊಳಗೆ ಇಟ್ಟುಕೊಂಡು ಬಲಗೈಯಲ್ಲಿ ಲೋಟ ಎತ್ತಿದ. ಈಗ ಎಲ್ಲವನ್ನೂ ಬಲಗೈಯಲ್ಲೇ ಮಾಡುತ್ತಾನಂತೆ. ಲೋಟ ಅಲ್ಲಾಡಿ ಟೀ ಪಂಚೆಯ ಮೇಲೆ ಚೆಲ್ಲಿತು.

ನಾನು ಕತ್ತಿ ತೆಗೆದು ಅವನ ಮುಂದಿಟ್ಟೆ. ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಬಟ್ಟೆ ಬಿಚ್ಚದೆ ಕೊಟ್ಟದ್ದು, ಸವೆದ ತೂತು, ಎಡಗೈಯಲ್ಲಿ ಹಿಡಿದ ಕೂಡಲೇ ನನಗೆ ತಿಳಿದದ್ದು, ತಿಳಿದೂ ಜಗುಲಿಯ ಮೇಲೆ ಸುಳ್ಳು ಹೇಳಿದ್ದು. "ನಿನ್ ಕೈ ನಡುಗ್ತಿರ್ಲಿಲ್ಲ ನಂಜಣ್ಣ. ಯಾವತ್ತೂ ನಡುಗಿಲ್ಲ. ಎಡಗೈಲಿ ಹಿಡ್ದು ನೋಡು, ನನ್ ಮುಖಾನೇ ಕೆರಿ, ಕೂರ್ತೀನಿ."

ಅವನು ಕೇಳಿಸಿಕೊಂಡ. ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವನು ನಕ್ಕ. ಆ ನಗುವಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಒಳ್ಳೇವ್ನು ಕಣ್ಲಾ ನೀನು. ಮುದ್ಕನ ಸಮಾಧಾನಕ್ಕೆ ಅಂತ ಅಲ್ಲಿಂದ ಬಂದು ಇಷ್ಟುದ್ದ ಸುಳ್ಳು ಯೋಳ್ತೀಯ." ಟೀ ಬಿದ್ದ ಪಂಚೆಯನ್ನು ಎತ್ತಿ ತೋರಿಸಿದ. "ನಡುಗಲ್ಲ ಅಂತೀಯಲ್ಲ, ಇದೇನು ಮತ್ತೆ? ನೀನ್ ಯೋಳಿದ್ದೇ ನಿಜ. ಕತ್ತಿ ಎತ್ಕೊ, ಮೊಮ್ಮಕ್ಳು ಓಡಾಡೋ ಜಾಗ."

ನಡುಗಿದ್ದು ಬಲಗೈ ನಂಜಣ್ಣ, ಎಡಚನಾದ ನಿನಗೆ ಅದು ಪಳಗದ ಕೈ — ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಎಡಗೈಯನ್ನು ಟವಲಿನಿಂದ ಹೊರಗೆ ತೆಗೆಯಲೇ ಇಲ್ಲ. ನಾನು ಎದ್ದು ಬರುವಾಗ ಮಗಳು ಅಂಗಳದಾಚೆವರೆಗೂ ಬಂದಳು. ಅವಳು ನಂಬಿದ್ದಳು. ಅವಳ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. "ಇನ್ನೊಂದ್ಕಿತ ನಮ್ಮನೇಗೆ ಬರ್ಬೇಡಿ" ಅಂದಳು. ತಿರುಗಿ ಹೊರಟವಳು ನಿಂತು, "ಅಪ್ಪನ್ ಊರಲ್ಲಿ ಯೋಳಿ ಬಂದ್ಮೇಲೆ ಬೇಕಾರೆ ಬನ್ನಿ" ಅಂದಳು.

ಆ ಜಗುಲಿಯ ಮೇಲೆ ಕೂತಿದ್ದವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಯಜಮಾನರು ಇದ್ದಾರೆ, ಕಿವಿ ಮಂದ. ಜೋರಾಗಿ ಕೂಗಿಯೇ ಹೇಳಬೇಕಾಗುತ್ತದೆ, ಬೀದಿಯವರಿಗೂ ಕೇಳಿಸುತ್ತದೆ; ಕೇಳಿಸಲಿ. ನಾಳೆ ಅಂಗಡಿ ತೆರೆಯುವುದಿಲ್ಲ. ಬೆಳಗಿನ ಕಿಕ್ಕೇರಿ ಬಸ್ಸಿಗೆ ಹೊರಡುತ್ತೇನೆ.